ಸೋಮವಾರ ದುಡಿಯದ ಟ್ರ್ಯಾಕ್ಟರ್

"ಎರಡು ವರ್ಷದ ಹಳೇ ಟ್ರ್ಯಾಕ್ಟರಿಗೆ ಕಂಪನ್ಯಾವ್ರು ಪುಕ್ಕಟ ಪಂಪ್ ಕೊಡ್ತಾರಂತ? ನಿನ್ನ ಬಿ.ಎ. ತಲಿಗೇರೇತಿ, ಅಳ್ಯಾ" ಎಂದು ನಕ್ಕವರು ನಮ್ಮ ಸೋದರಮಾವ.

ಎಪ್ಪತ್ತರ ದಶಕದ ಮಾತು. ಡೀಸೆಲ್ ಪಂಪ್ ಕೆಟ್ಟು ಟ್ರ್ಯಾಕ್ಟರ್ ಹೊಲದಲ್ಲೇ ನಿಂತಿತ್ತು. ಹಿಂಗಾರಿ ಬಿತ್ತನೆ ತಲೆಯ ಮೇಲಿತ್ತು. ಮಠದ ಬೋರ್ಡಿಂಗಿನಲ್ಲಿ ಉಂಡು ಓದಿದ ನಾನು ಮನೆತನದ ಮೊದಲ ಪದವೀಧರ. ಇಂಗ್ಲಿಷಿನ ಗ್ಯಾರಂಟಿ ಪತ್ರವನ್ನು ಕೂತು ಓದಿದೆ. ಒಂದು ವರ್ಷ ಇಲ್ಲವೇ ಸಾವಿರ ತಾಸಿನ ದುಡಿಮೆ, ಇವೆರಡರಲ್ಲಿ ಯಾವುದು ತಡವಾಗಿ ಮುಗಿಯುತ್ತದೋ ಅಲ್ಲಿಯವರೆಗೆ ಎಂದಿತ್ತು. ಅಪ್ಪನೊಂದಿಗೆ ಸಿಂದಗಿಯ ಟ್ರ್ಯಾಕ್ಟರ್ ಏಜೆಂಟರ ಅಂಗಡಿಗೆ ಹೋದೆ.

ಅವರ ಮೆಕ್ಯಾನಿಕ್ ಮೊದಲೇ ಹೊಲಕ್ಕೆ ಬಂದು, ದುಡಿದ ತಾಸು ತೋರಿಸುವ ಮೀಟರ್ ನೋಡಿ ಹೋಗಿದ್ದ. ಸಾವಿರ ತಾಸು ತುಂಬಿರಲಿಲ್ಲ. ಏಜೆಂಟರು ನಂಬಲಿಲ್ಲ.

"ಮೀಟರ್ ಬಿಚ್ಚಿಟ್ಟಿದ್ರೇನ್ರಿ, ಯಜಮಾನ್ರ?"

"ಇಲ್ರೀ ಸಾಹೇಬ್ರ" ಎಂದ ಅಪ್ಪ. "ಸೋಮವಾರ, ಅಮಾಸಿ ದಿನಾ ನಾವು ಎತ್ತು ಹೂಡಂಗಿಲ್ಲ. ಇದನ್ನೂ ಹೂಡಂಗಿಲ್ಲ. ಮೈ ತೊಳದು ನೆಳ್ಳಾಗ ನಿಂದರಸ್ತೇವಿ."

ಏಜೆಂಟರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಮೇವೂ ಹಾಕ್ತೀರೇನ್ರಿ ಮತ್ತ?"

ನಾನು ಗ್ಯಾರಂಟಿಯ ಆ ಸಾಲನ್ನು ಗಟ್ಟಿಯಾಗಿ ಓದಿ, ಕನ್ನಡದಲ್ಲೂ ಬಿಡಿಸಿ ಹೇಳಿದೆ. ಅವರು ಹೊಸ ಪಂಪ್ ತೆಗೆಸಿಟ್ಟು, ಅದರ ಗ್ಯಾರಂಟಿ ಪತ್ರವನ್ನು ಅಪ್ಪನ ಕೈಗೆ ಕೊಟ್ಟರು. ಅಪ್ಪ ಅದನ್ನು ನನ್ನ ಕೈಗೆ ದಾಟಿಸಿದ.

"ಕಾಗದ ನೀ ಹಿಡಿ, ಪಂಪ್ ನಾ ಹೊರ್ತೇನಿ. ಲಗೂ ನಡಿ, ಬಸ್ ಹೊಂಟೀತು!"