ಗುರುಪಾದಪ್ಪನವರ ಕಂದು ಗಾಜು

ಬೀಳಗಿಯಿಂದ ಜಮಖಂಡಿಗೆ ಬರುವ ಬೆಳಗಿನ ಬಸ್ಸಿನಲ್ಲಿ ಗುರುಪಾದಪ್ಪನವರು ಊದಿದ ಸ್ಕೂಟರ್ ಟ್ಯೂಬನ್ನು ತೊಡೆಯ ಮೇಲಿಟ್ಟುಕೊಂಡು, ಎರಡೂ ಕೈಯಿಂದ ಅಪ್ಪಿ ಕುಳಿತಿರುತ್ತಿದ್ದರು. ಮೈಮೇಲೆ ಇಸ್ತ್ರಿ ಮಾಡಿದ ಬಿಳಿ ಅಂಗಿ, ಕಿಸೆಯಲ್ಲಿ ಎರಡು ಪೆನ್ನು. ನೋಡಿದವರಿಗೆ ಕಾಲೇಜಿನ ಮಾಸ್ತರರೆಂದು ಗೊತ್ತಾಗುತ್ತಿತ್ತು. ಟ್ಯೂಬು ಏಕೆಂದು ಮಾತ್ರ ತಿಳಿಯುತ್ತಿರಲಿಲ್ಲ. ಒಮ್ಮೆ ನಾನು ಅದೇ ಬಸ್ಸಿನಲ್ಲಿದ್ದೆ. ಹೊಸ ಕಂಡಕ್ಟರ್ ಬಂದು ಟ್ಯೂಬನ್ನು ಬೆರಳಿನಿಂದ ಒತ್ತಿ ನೋಡಿದ.

"ಸರ, ಇದರಾಗ ಏನೈತ್ರಿ?"

"ಶಗಣಿ ಗಾಳಿ."

"ಶಗಣಿ ಗಾಳಿ ಒಯ್ದು ಏನ ಮಾಡ್ತೀರಿ?"

"ಶನಿ ಸುತ್ತ ಒಂದು ಚಂದ್ರ ತಿರಗತೈತಿ. ಅಲ್ಲಿ ಈ ಗಾಳಿ ಐತಿ. ಅಲ್ಲಿದ್ದದ್ದನ್ನ ಇಲ್ಲೆ ಮಾಡಿ ನೋಡಾಕತ್ತೇನಿ."

ಕಂಡಕ್ಟರ್ ಕೈ ಹಿಂದೆ ತೆಗೆದುಕೊಂಡ. "ಶನಿ ಉಸಾಬರಿ ನಮ್ಮ ಗಾಡ್ಯಾಗ ಬ್ಯಾಡ್ರಿ. ಹಿಂದಿನ ಸೀಟಿಗೆ ಹೋಗಿ ಕುಂದರ್ರಿ" ಎಂದ. ಗುರುಪಾದಪ್ಪನವರು ಎದ್ದು ಹಿಂದಿನ ಸೀಟಿಗೆ ಹೋಗಿ ಕುಳಿತರು. ಸುಳ್ಳು ಹೇಳಿದ್ದರೆ ಮುಂದೆಯೇ ಕೂರಬಹುದಿತ್ತು. ಆ ಬುದ್ಧಿ ಅವರಿಗೆ ಕೊನೆಯವರೆಗೂ ಬರಲಿಲ್ಲ.

ಜಮಖಂಡಿಯ ನಮ್ಮ ಕಾಲೇಜಿನಲ್ಲಿ ಅವರು ಭೌತಶಾಸ್ತ್ರ, ನಾನು ರಸಾಯನಶಾಸ್ತ್ರ. ನಾನು ಎನ್‌ಸಿಸಿ ಅಧಿಕಾರಿಯೂ ಆಗಿದ್ದೆ. ಗಂಟೆ ಬಾರಿಸುವ ಮೊದಲೇ ತರಗತಿಯ ಬಾಗಿಲಲ್ಲಿರಬೇಕು, ಬಳಸಿದ ಸಾಮಾನು ಬಳಸಿದ ದಿನವೇ ಕಪಾಟಿಗೆ ಸೇರಬೇಕು ಎನ್ನುವವನು ನಾನು. ಪಾಠದ ಸಮಯಕ್ಕೆ ಅವರೂ ನನ್ನಷ್ಟೇ ಕಟ್ಟುನಿಟ್ಟು. ಪಾಠ ಮುಗಿದ ಮೇಲೆ ಅವರ ದಿನಕ್ಕೆ ಅಂಚೇ ಇರಲಿಲ್ಲ. ಪ್ರಯೋಗಶಾಲೆಯ ಹಿಂದಿನ ಸಣ್ಣ ಕೋಣೆಯನ್ನು ಕೇಳಿ ಪಡೆದು, ಅಲ್ಲಿ ಒಂದು ಗಾಜಿನ ಗೋಳ ನಿಲ್ಲಿಸಿದ್ದರು. ಅದರೊಳಗಿನ ಗಾಳಿ ಎಳೆಯಲು ಫ್ರಿಜ್ ರಿಪೇರಿಯವರು ಬಳಸುವ ಪಂಪು. ವಿದ್ಯುತ್ತಿನ ಒತ್ತಡ ಏರಿಸಲು ರಬಕವಿಯ ಒಂದು ಬಟ್ಟೆ ಅಂಗಡಿ ಬಿಚ್ಚಿಹಾಕಿದ್ದ ಬಣ್ಣದ ದೀಪದ ಫಲಕದ ಟ್ರಾನ್ಸ್‌ಫಾರ್ಮರ್. ಮೀಥೇನ್ ಅನಿಲ ಬೀಳಗಿ ಕಡೆಯ ಒಬ್ಬ ರೈತನ ಗೋಬರ್ ಗ್ಯಾಸಿನಿಂದ. ಅದನ್ನು ಸುಣ್ಣದ ತಿಳಿನೀರಿನಲ್ಲಿ ಹಾಯಿಸಿ, ಕಬ್ಬಿಣದ ಚೂರಿನ ಮೇಲೆ ಹಾಯಿಸಿ ಶುದ್ಧ ಮಾಡುತ್ತಿದ್ದರು. ಸಾರಜನಕ ಮುಧೋಳದಿಂದ. ಅಲ್ಲಿ ಹೋರಿಯ ವೀರ್ಯ ಕಾಪಿಡಲು ದನದ ವೈದ್ಯರು ಬಳಸುವ ದ್ರವ ಸಾರಜನಕವನ್ನು ಪರಿಚಯದ ಮೇಲೆ ಥರ್ಮಾಸಿನಲ್ಲಿ ತರುತ್ತಿದ್ದರು. ಸ್ಟಾಫ್ ರೂಮಿನಲ್ಲಿ ಅವರಿಗೆ 'ಶಗಣಿ ಸೈಂಟಿಸ್ಟ್' ಎಂಬ ಹೆಸರು ಬಿದ್ದಿತ್ತು. ಎದುರಿಗೇ ಕರೆಯುತ್ತಿದ್ದರು. ಅವರು ಓ ಎನ್ನುತ್ತಿದ್ದರು.

ಎರಡು ಅನಿಲಗಳನ್ನು ಒಂದಿಷ್ಟೇ ಒಳಗೆ ಬಿಟ್ಟು ವಿದ್ಯುತ್ತು ಹಾಯಿಸಿದರೆ ಗೋಳದ ಒಳಗೆ ನೇರಳೆ ಬೆಳಕು ಹೊತ್ತಿಕೊಳ್ಳುತ್ತಿತ್ತು. ಅನಿಲದ ಅಣುಗಳಿಂದ ಎಲೆಕ್ಟ್ರಾನುಗಳು ಕಳಚಿ ಓಡಾಡುವ ಆ ಸ್ಥಿತಿಗೆ ಪ್ಲಾಸ್ಮಾ ಎನ್ನುತ್ತಾರೆ. ನಮ್ಮ ಟ್ಯೂಬ್‌ಲೈಟಿನಲ್ಲಿ ಇರುವುದೂ ಅದೇ, ನಕ್ಷತ್ರಗಳ ನಡುವಿನ ಮೋಡಗಳಲ್ಲಿ ತೀರ ತೆಳುವಾಗಿ ಹರಡಿರುವುದೂ ಅದೇ. ಅಲ್ಲಿ ನಕ್ಷತ್ರಗಳ ಬೆಳಕಿನ, ಕಣಗಳ ಹೊಡೆತಕ್ಕೆ ಸಣ್ಣ ಅಣುಗಳು ಒಡೆದು, ಮತ್ತೆ ಕೂಡಿ, ದೊಡ್ಡವಾಗುತ್ತವೆ. ಜೀವಕ್ಕೆ ಬೇಕಾದ ಸಾಮಾನು ಹಾಗೇ ಸಿದ್ಧವಾಯಿತೇ ಎಂದು ಜಗತ್ತಿನ ದೊಡ್ಡ ಪ್ರಯೋಗಶಾಲೆಗಳು ಹುಡುಕುತ್ತಿವೆ. ಗುರುಪಾದಪ್ಪನವರು ತಮ್ಮ ಹಿಂದಿನ ಕೋಣೆಯಲ್ಲಿ ಹುಡುಕುತ್ತಿದ್ದರು.

ನಾನು ಒಮ್ಮೆ ತಕರಾರು ಮಾಡಿದೆ. ನಿಮ್ಮ ಅಣುಗಳು ಗಾಜಿನ ಗೋಡೆಗೆ ಅಂಟಿ ಬೆಳೆಯುತ್ತಿವೆ, ಆಕಾಶದಲ್ಲಿ ಗೋಡೆ ಎಲ್ಲಿದೆ, ಹೋಲಿಕೆ ಹೇಗೆ ನಿಲ್ಲುತ್ತದೆ ಎಂದೆ. ಅವರು ಕಿಟಕಿಯ ಕಟ್ಟೆಯ ಮೇಲೆ ಬೆರಳಾಡಿಸಿ ನನಗೆ ತೋರಿಸಿದರು.

"ಅಲ್ಲಿ ಧೂಳ ಐತ್ರಿ. ಧೂಳಿನ ಮ್ಯಾಲ ಅಣು ಬಂದು ಕುಂದರತಾವು, ಜೋಡಿ ಆಕ್ಕಾವು. ಧೂಳ ಅಂದ್ರ ಹೊಲಸ ಅಂತ ತಿಳದೀರಿ ನೀವು. ಅಲ್ಲಿ ಧೂಳ ಇಲ್ಲಂದ್ರ ಏನೂ ಹುಟ್ಟೂದಿಲ್ಲ."

ತಿಂಗಳುಗಟ್ಟಲೆ ಓಡಿಸಿದ ಮೇಲೆ ಗೋಳದ ಒಳಮೈಗೆ ಕಂದು ಪೊರೆಯೊಂದು ಕಟ್ಟಿತು. ಮೊದಲು ತೆಳು ಚಹಾದ ಬಣ್ಣ, ಆಮೇಲೆ ಬೆಲ್ಲದ ಬಣ್ಣ. ಶನಿಯ ಆ ಚಂದ್ರನನ್ನು ಮುಚ್ಚಿದ ಮಂಜಿನ ಬಣ್ಣವೂ ಇಂಥದೇ ಎಂದರು. ಆ ಪೊರೆಯಲ್ಲಿ ಏನೇನು ಅಣುಗಳಿವೆ ಎಂದು ಹೇಳುವ ಯಂತ್ರ ನಮ್ಮಲ್ಲಿರಲಿಲ್ಲ. ಪುಣೆಯ ಒಂದು ಸಂಸ್ಥೆಯ ವಿಜ್ಞಾನಿ, ಒಬ್ಬ ಹೆಣ್ಣುಮಗಳು, ಇವರ ಮಾತನ್ನು ನಂಬಿದರು. ದಸರಾ ಮುಗಿದ ಮೇಲೆ ತಾವೇ ಬಂದು ಗೋಳವನ್ನು ಒಯ್ಯುವುದಾಗಿಯೂ, ತಮ್ಮ ಯಂತ್ರದಲ್ಲಿ ಅದಕ್ಕೆಂದು ಸಮಯ ಕಾದಿರಿಸಿರುವುದಾಗಿಯೂ ತಿಳಿಸಿದರು. ಅದು ಗುರುಪಾದಪ್ಪನವರ ನೌಕರಿಯ ಕೊನೆಯ ವರ್ಷ. ಆ ತಿಂಗಳು ಅವರು ನಡೆಯುವಾಗ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ.

ಅವರ ಮನೆತನ ಬನಹಟ್ಟಿಯ ನೇಕಾರರದು. ಅಲ್ಲಿ ಖಂಡೇನವಮಿಯೆಂದರೆ, ಅಂದರೆ ದಸರಾದ ಆಯುಧ ಪೂಜೆ, ಮಗ್ಗಗಳ ಹಬ್ಬ. ಹಿಂದಿನ ದಿನವೇ ಮಗ್ಗ ನಿಲ್ಲಿಸಿ, ಎಣ್ಣೆ ಜಿಡ್ಡು ತೊಳೆದು, ವಿಭೂತಿ ಹಚ್ಚಿ, ಕಬ್ಬು ಕಟ್ಟಿ ಪೂಜಿಸುತ್ತಾರೆ. ಆ ದಿನ ದುಡಿಯುವ ಯಾವ ಸಾಧನವನ್ನೂ ಓಡಿಸಬಾರದು. ಗುರುಪಾದಪ್ಪನವರು ಇದನ್ನು ಅಕ್ಷರಶಃ ಪಾಲಿಸುವವರು. ಪಂಪಿಗೂ ಅದೇ ನಿಯಮ. "ಹೊಟ್ಟಿಗೆ ಹಾಕೂ ಸಾಮಾನಿಗೆ ವರ್ಷದಾಗ ಒಂದು ದಿನ ನೀರು ಕಾಣಸಬೇಕಲೇ" ಎಂದು ಸಿಪಾಯಿ ಮಲ್ಲಪ್ಪನಿಗೆ ಹೇಳಿ ಹೇಳಿ ಕಲಿಸಿದವರೂ ಅವರೇ. ಆ ವರ್ಷವೂ ಹಿಂದಿನ ಸಂಜೆ ಪಂಪು ನಿಲ್ಲಿಸಿ, ಕೋಣೆಗೆ ಬೀಗ ಹಾಕಿ ಬನಹಟ್ಟಿಗೆ ಹೋದರು. ನಾನು ಕೆಡೆಟ್‌ಗಳೊಂದಿಗೆ ಶಿಬಿರದಲ್ಲಿದ್ದೆ.

ಆಡಳಿತ ಮಂಡಳಿಗೆ ಆಗಷ್ಟೇ ಹೊಸ ಅಧ್ಯಕ್ಷರು ಬಂದಿದ್ದರು. ಅವರ ಕೈಯಿಂದ ಪ್ರತಿಯೊಂದು ಕೋಣೆಯಲ್ಲೂ ಪೂಜೆಯಾಗಬೇಕು, ಫೋಟೋ ತೆಗೆಸಬೇಕು, ಹೊಲಸು ಸಾಮಾನು ಒಂದೂ ಕಣ್ಣಿಗೆ ಬೀಳಬಾರದು ಎಂದು ಪ್ರಾಚಾರ್ಯರು ಅಪ್ಪಣೆ ಮಾಡಿದರು. ಆಫೀಸಿನಲ್ಲಿದ್ದ ಇನ್ನೊಂದು ಕೀಲಿಯಿಂದ ಹಿಂದಿನ ಕೋಣೆ ತೆರೆಯಿತು. ಮಲ್ಲಪ್ಪ ಗೋಳವನ್ನು ಬಿಚ್ಚಿದ. ಸೋಪಿನ ಪುಡಿಗೆ ಕಂದು ಹೋಗಲಿಲ್ಲ, ಬೂದಿಗೂ ಹೋಗಲಿಲ್ಲ. ಗಾಜಿನ ಕಲೆ ತೆಗೆಯಲು ನಮ್ಮ ವಿಭಾಗದಲ್ಲಿ ಬಳಸುವ ಆಮ್ಲ ಅವನಿಗೆ ಗೊತ್ತಿತ್ತು. ಅದನ್ನು ತಂದು ಸುರಿದು, ತನ್ನ ಸರ್ ಬಂದಾಗ ಹೊಗಳಬೇಕೆಂಬಂತೆ ಉಜ್ಜಿದ. ಅಧ್ಯಕ್ಷರು ಬಂದು ವಿಭೂತಿ ಹಚ್ಚಿ, ಚೆಂಡು ಹೂ ಇಟ್ಟರು. ಮರುದಿನದ ಪತ್ರಿಕೆಯಲ್ಲಿ ಫೋಟೋ ಬಂತು. ಗುರುಪಾದಪ್ಪನವರ ಗೋಳ ಪತ್ರಿಕೆಯಲ್ಲಿ ಕಂಡದ್ದು ಅದೊಂದೇ ಸಲ. ಫಳಫಳ ಹೊಳೆಯುತ್ತಿತ್ತು.

ರಜೆ ಮುಗಿದ ದಿನ ಅವರು ಬೀಗ ತೆಗೆಯುವಾಗ ನಾನು ಜೊತೆಗಿದ್ದೆ. ಮಲ್ಲಪ್ಪ ಹಿಂದೆ ನಿಂತು ನಗುತ್ತಿದ್ದ. ಗುರುಪಾದಪ್ಪನವರು ಗೋಳವನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದರು. ಆ ಕಡೆಯ ಬೇವಿನ ಮರ ಸ್ಪಷ್ಟವಾಗಿ ಕಂಡಿತು. ಗೋಳವನ್ನು ಮತ್ತೆ ಅದರ ಜಾಗದಲ್ಲಿಟ್ಟರು. "ಛಲೋ ತೊಳದಿ ಮಲ್ಲಪ್ಪ" ಎಂದರು. ಗಂಟೆ ಹೊಡೆಯಿತು. ಸೀಮೆಸುಣ್ಣ ತೆಗೆದುಕೊಂಡು ತರಗತಿಗೆ ಹೋದರು.

ಅಂದು ಪ್ರಾಚಾರ್ಯರ ಬಳಿಗೆ ಹೋದವನು ನಾನು. ಅವರು ನನ್ನ ಮಾತನ್ನು ಪೂರ್ತಿ ಕೇಳಿ, "ಕರಿ ಹೋಗೇತಂತ ಅಳೂ ಮಂದೀನ ಇವತ್ತ ನೋಡಿದೆ ನೋಡ್ರಿ. ಮತ್ತೊಮ್ಮೆ ಕರಿ ಹಿಡಸಿದ್ರಾತು" ಎಂದರು. ಪಕ್ಕದಲ್ಲಿ ಕುಳಿತವರು ನಕ್ಕರು. ಅವರಲ್ಲಿ ಇಬ್ಬರು ವಿಜ್ಞಾನದ ಅಧ್ಯಾಪಕರು. ಮಲ್ಲಪ್ಪನ ಮೇಲೆ ನನಗೆ ಸಿಟ್ಟಿಲ್ಲ. ಅವನು ಕಲಿತದ್ದನ್ನು ಮಾಡಿದ. ಈ ಇಬ್ಬರು ಕಲಿತದ್ದು ಏನೆಂದು ನನಗೆ ಇವತ್ತಿಗೂ ಗೊತ್ತಾಗಿಲ್ಲ.

ಆ ವಿಜ್ಞಾನಿ ಹೇಳಿದ ದಿನವೇ ಬಂದರು. ಬರಿದಾದ ಗಾಜನ್ನು ಅವರೂ ಬೆಳಕಿಗೆ ಹಿಡಿದು ನೋಡಿದರು. ಕಾದಿರಿಸಿದ ಸಮಯವನ್ನು ಮುಂದೂಡಲು ಬರುವುದಿಲ್ಲ, ಸರದಿಯಲ್ಲಿ ಬೇರೆಯವರಿದ್ದಾರೆ ಎಂದು ನೊಂದುಕೊಂಡೇ ಹೇಳಿದರು. ಅಧ್ಯಕ್ಷರು ಅವರಿಗೆ ಶಾಲು ಹೊದಿಸಿ ಇನ್ನೊಂದು ಫೋಟೋ ತೆಗೆಸಿಕೊಂಡರು. ಆ ಫೋಟೋದಲ್ಲಿ ಗುರುಪಾದಪ್ಪನವರಿಗೆ ಜಾಗ ಸಿಗಲಿಲ್ಲ. ಅವರು ನಿವೃತ್ತರಾದ ತಿಂಗಳಲ್ಲೇ ಹಿಂದಿನ ಕೋಣೆಗೆ ಹಳೆಯ ಬೆಂಚುಗಳನ್ನು ತುಂಬಿದರು.

ಗೋಳ, ಪಂಪು, ಟ್ರಾನ್ಸ್‌ಫಾರ್ಮರ್ ಅವರದೇ ಆಗಿದ್ದರಿಂದ ಬನಹಟ್ಟಿಗೆ ಒಯ್ದರು. ಅಣ್ಣನ ಮಗನ ಪವರ್‌ಲೂಮ್‌ಗಳ ಹಿಂದೆ ಒಂದು ಕೋಣೆಯಲ್ಲಿ ಮತ್ತೆ ಮೊದಲಿನಿಂದ ಹೂಡಿದರು. ಹತ್ತಿಯ ನವಿರು ಪಂಪಿಗೆ ಸಿಕ್ಕಿಕೊಳ್ಳುತ್ತಿತ್ತು, ಕರೆಂಟು ಹೋಗಿ ಬರುತ್ತಿತ್ತು. ಫೋನಿನಲ್ಲಿ ಕೇಳಿದರೆ, "ನಡದೈತ್ರಿ" ಎನ್ನುತ್ತಿದ್ದರು, ಅಷ್ಟೇ. ಅವರಿಗೆ ಮೊದಲು ಮಾತು ಬಹಳವಿತ್ತು.

ಎರಡು ವರ್ಷದ ಹಿಂದಿನ ಖಂಡೇನವಮಿಗೆ ನನ್ನನ್ನು ಊಟಕ್ಕೆ ಕರೆದರು. ಬನಹಟ್ಟಿಯ ಆ ಓಣಿಯಲ್ಲಿ ಮಗ್ಗಗಳ ಸಪ್ಪಳಕ್ಕೆ ಒಬ್ಬರ ಮಾತು ಇನ್ನೊಬ್ಬರಿಗೆ ಕೇಳಿಸುವುದಿಲ್ಲ. ಅವತ್ತು ಊರಿಗೆ ಊರೇ ನಿಶ್ಶಬ್ದ. ಮನೆಮನೆಯಲ್ಲೂ ತೊಳೆದ ಮಗ್ಗ, ವಿಭೂತಿ, ಹೂ. ಅವರ ಮನೆ ಸಮೀಪಿಸಿದಂತೆ ಒಂದು ಸಪ್ಪಳ ಕೇಳತೊಡಗಿತು. ಓಣಿಯ ಜನ ಕಟ್ಟೆಯ ಮೇಲೆ ಕುಳಿತು ಅತ್ತಲೇ ನೋಡುತ್ತಿದ್ದರು. ಅವರ ಹೆಂಡತಿ ಬಾಗಿಲಲ್ಲೇ ನನ್ನನ್ನು ತಡೆದರು.

"ನೀವರ ಹೇಳ್ರೀ ಸರ. ಇವತ್ತೊಂದು ದಿನ ಬಂದ್ ಮಾಡಂತ ಊರ ಮಂದಿ ಎಲ್ಲಾ ಹೇಳಿ ಹ್ವಾದ್ರು. ನಾ ಮುಖಾ ಎತ್ತಿ ಹೊರಗ ಹೋಗದಂಗ ಆಗೇತಿ."

ಹಿಂದಿನ ಕೋಣೆಯಲ್ಲಿ ಪಂಪು ಓಡುತ್ತಿತ್ತು. ನೇರಳೆ ಬೆಳಕಿನ ಸುತ್ತ ಗಾಜಿಗೆ ತೆಳು ಚಹಾದ ಬಣ್ಣ ಬಂದಿತ್ತು. ಗುರುಪಾದಪ್ಪನವರು ಸ್ಟೂಲಿನ ಮೇಲೆ ಕುಳಿತಿದ್ದರು. ಹಣೆಯ ಮೇಲೆ ವಿಭೂತಿ ಇರಲಿಲ್ಲ. ಅವರನ್ನು ನಾನು ಹಾಗೆ ನೋಡಿದ್ದು ಅದೇ ಮೊದಲು. ಒಂದು ದಿನ ನಿಲ್ಲಿಸಿದರೆ ಏನಾಗುತ್ತದೆ, ಮನೆಯವರ ಮನಸ್ಸು ನೋಡಿ ಎಂದೆ.

"ಒಂದ ದಿನಾ ನಿಲ್ಲಿಸಿದ್ನಲ್ರೀ" ಎಂದರು. ನನ್ನ ಕಡೆ ತಿರುಗಲಿಲ್ಲ.

ಹೋಳಿಗೆ ಊಟ ಮಾಡಿದೆವು. ಅವರು ನಡುವೆ ಎರಡು ಸಲ ಎದ್ದು ಹೋಗಿ ಪಂಪು ನೋಡಿ ಬಂದರು. ಅದೇ ಕೊನೆಯ ಭೇಟಿ. ಮುಂದಿನ ಬೇಸಿಗೆಯಲ್ಲಿ ಹೃದಯ ನಿಂತು ತೀರಿಕೊಂಡರು.

ದಿನಕರ್ಮ ಮುಗಿದ ಮೇಲೆ ಅಣ್ಣನ ಮಗ ಕರೆ ಮಾಡಿದ. ಆ ಕೋಣೆಯಲ್ಲಿ ಹೊಸ ಮಗ್ಗ ಹೂಡಬೇಕಾಗಿತ್ತು. ಹೋದೆ. ಪಂಪನ್ನು ಗುಜರಿಗೆ ಹಾಕಿಯಾಗಿತ್ತು. ಗೋಳ ಮಾತ್ರ ಕಿಟಕಿಯ ಗೂಡಿನಲ್ಲಿತ್ತು. ಬೆಲ್ಲದ ಬಣ್ಣ ಬಂದಿತ್ತು, ಬಾಯಿ ತೆರೆದಿತ್ತು.

"ಕಾಕಾ ತೊಳೀಬ್ಯಾಡ ಅಂದಿದ್ದ, ಅದಕ್ಕ ಮುಟ್ಟಿಲ್ರಿ. ಯಾರಿಗರ ಬೇಕಾಗಿತ್ತೇನ್ರಿ ಇದು?"

ಪುಣೆಗೆ ಫೋನು ಮಾಡಿದೆ. ಆ ಹೆಣ್ಣುಮಗಳು ನಿಜವಾಗಿಯೇ ಮರುಗಿದರು. ಆದರೆ ಪಂಪಿನಿಂದ ಬಿಚ್ಚಿದಾಗಲೇ ಹೊರಗಿನ ಗಾಳಿ ಒಳಹೊಕ್ಕಿದೆ, ಹತ್ತಿಯ ನವಿರೂ ಸೇರಿದೆ, ಇನ್ನು ಅದರಿಂದ ಏನೂ ಹೇಳಲಾಗದು ಎಂದರು. ತಾವೀಗ ಬೇರೆ ಕೆಲಸದಲ್ಲಿರುವುದಾಗಿಯೂ ಹೇಳಿದರು.

ಅಣ್ಣನ ಮಗ ಉತ್ತರಕ್ಕೆ ಕಾಯುತ್ತಿದ್ದ. ಬೇಕಾಗಿದೆ ಎಂದು ಹೇಳಿ, ಗೋಳವನ್ನು ಒಂದು ಹಳೆಯ ಪಂಚೆಯಲ್ಲಿ ಸುತ್ತಿಕೊಂಡು ಜಮಖಂಡಿಯ ಬಸ್ಸು ಹತ್ತಿದೆ. ಕಂಡಕ್ಟರ್ ಟಿಕೆಟ್ ಕೊಟ್ಟು, ಗಂಟನ್ನು ನೋಡಿ ಮುಂದೆ ಹೋದ. ಇದರಲ್ಲಿ ಏನಿದೆ ಎಂದು ಕೇಳಲಿಲ್ಲ.