ನಾಲ್ಕನೇ ಹಾಡಿನ ಬಾಲ

ಆಫೀಸಿನಲ್ಲಿ ಅವಳನ್ನು ಎಲ್ಲರೂ ಜರಡಿ ಎಂದೇ ಕರೆಯುತ್ತಿದ್ದರು. ಎದುರಿಗೇ ಕರೆಯುತ್ತಿದ್ದರು, ಅವಳೂ ಓಗೊಡುತ್ತಿದ್ದಳು. ಹಾಡು ಮಾರುವ ಆ ಕಂಪನಿಗೆ ಕೇಳುಗರು ಬರೆದು ಕಳಿಸುವ ಅಭಿಪ್ರಾಯಗಳನ್ನೆಲ್ಲ ಓದಿ, ಹೊಗಳಿಕೆ, ದೂರು, ಕಸ ಎಂದು ಪಾಲು ಮಾಡುವುದು ಅವಳ ಕೆಲಸ. ಕೊನೆಗೆ ಅಷ್ಟನ್ನೂ ಒಂದು ಪುಟಕ್ಕೆ ಇಳಿಸಿ ಮೇಲಿನವರಿಗೆ ಕೊಡಬೇಕು. ತಾನು ಓದುವ ಆಲ್ಬಮ್ಮನ್ನು ತಾನು ಕೇಳಬಾರದೆಂಬುದು ಅವಳೇ ಹಾಕಿಕೊಂಡ ಕಟ್ಟಳೆ. ಕೇಳಿದರೆ ಕೈ ಒಂದು ಕಡೆಗೆ ವಾಲುತ್ತದಂತೆ. ರುಚಿ ನೋಡದೆ ಬಡಿಸುವವರೂ ಲೋಕದಲ್ಲಿ ಇರುತ್ತಾರಲ್ಲ, ಹಾಗೆ.

ಈ ಸಲ ಅವಳ ಪಾಲಿಗೆ ಬಂದದ್ದು ಗಣಿಯೊಳಗೆ ಸಿಕ್ಕಿಕೊಂಡ ಕಾರ್ಮಿಕರ ಬಗೆಗಿನ ಒಂದು ಸಿನಿಮಾದ ಹಾಡುಗಳು. ಎಲ್ಲವೂ ಚರ್ಚಿನ ಧಾಟಿಯವು: ಮುಂದೆ ನಿಂತವನೊಬ್ಬ ಕೂಗಿ ಕರೆಯುವುದು, ಹಿಂದಿನ ಗುಂಪು ಚಪ್ಪಾಳೆ ತಟ್ಟುತ್ತ ಉತ್ತರ ಕೊಡುವುದು. ಆ ಗುಂಪಿಗೆಂದು ನಿಜವಾದ ಚರ್ಚೊಂದರ ಗಾಯನ ತಂಡವನ್ನೇ ಕರೆಸಿದ್ದರು. ಅದರಲ್ಲಿ ಅವಳ ಅಕ್ಕನೂ ಇದ್ದಳು. ಹಾಡಿ ಬಂದಳು, ಆದರೆ ಹಾಡು ಹೊರಗೆ ಬರುವವರೆಗೆ ಅವಳಿರಲಿಲ್ಲ. ಎದೆ ನೋವು ಅಂದಳು, ಮಲಗಿದಳು, ಮತ್ತೆ ಏಳಲಿಲ್ಲ.

ಜರಡಿ ಅಳಲಿಲ್ಲ. ನೋಡಲು ಬಂದವರು "ಇವಳದೇನು ಎದೆಯೋ ಕಲ್ಲೋ" ಎಂದು ಹೊಸಿಲು ದಾಟುವ ಮೊದಲೇ ಶುರುಮಾಡಿದ್ದರು. ಅವರ ಮೇಲೆ ಸಿಟ್ಟಾದರೂ ಬರಬೇಕಿತ್ತು, ಅದೂ ಬರಲಿಲ್ಲ. ಊಟ ಇಳಿಯುತ್ತಿತ್ತು, ನಿದ್ದೆ ಬರುತ್ತಿತ್ತು, ಬಸ್ಸೂ ಸಿಗುತ್ತಿತ್ತು. ಹಲ್ಲು ಕೀಳುವ ಮೊದಲು ಸೂಜಿ ಚುಚ್ಚಿ ಮರಗಟ್ಟಿಸುತ್ತಾರಲ್ಲ, ಹಾಗಿತ್ತು ಒಳಗೆಲ್ಲ. ಮುಟ್ಟಿದರೆ ಇದೆ ಎಂದು ಗೊತ್ತಾಗುತ್ತದೆ, ತನ್ನದೇ ಎಂದು ಅನಿಸುವುದಿಲ್ಲ.

ಚರ್ಚಿನಲ್ಲಿ ಅಕ್ಕನಿಗೆ ಬಾಲ ಎಂದು ಅಡ್ಡಹೆಸರು. ಹಾಡಿಸುವ ಮಾಸ್ತರರು ನಿಲ್ಲಿಸಿ ಎಂದು ಮುಷ್ಟಿ ಬಿಗಿದೊಡನೆ ಎಲ್ಲರೂ ಬಾಯಿ ಮುಚ್ಚಿದರೆ, ಇವಳು ಮಾತ್ರ ಕಣ್ಣು ಮುಚ್ಚಿಕೊಂಡು ದನಿಯನ್ನು ಇನ್ನಷ್ಟು ಎಳೆಯುವಳು. "ಇವಳ ಗಂಟಲಿಗೆ ಬ್ರೇಕಿಲ್ಲ" ಎಂದು ಬೈದು ಬೈದು ಮಾಸ್ತರರೇ ಸೋತಿದ್ದರು. ಸಿನಿಮಾದ ನಾಲ್ಕನೇ ಹಾಡಿನಲ್ಲೂ ಅದೇ ಆಯಿತು. ಸಂಗೀತ ನಿರ್ದೇಶಕನಿಗೆ ಅದೇನು ಹಿಡಿಸಿತೋ, ಹಾಗೇ ಬಿಟ್ಟಿದ್ದ. ಅಕ್ಕನ ದನಿ ಬೇರೆಲ್ಲೂ ಉಳಿದಿರಲಿಲ್ಲ. ಉಳಿದದ್ದು ಆ ಹಾಡಿನ ಕೊನೆಯಲ್ಲಿ ಮಾತ್ರ.

ಅಮ್ಮ ದಿನಾ ಬೆಳಿಗ್ಗೆ ಒಲೆ ಹಚ್ಚುವ ಮೊದಲು ಫೋನಿನಲ್ಲಿ ಅದನ್ನು ಹಾಕುತ್ತಿದ್ದಳು.

"ಬಾರೇ, ಕೇಳು. ಕೊನೇಲಿ ಅವಳೊಬ್ಬಳೇ ಸಿಗ್ತಾಳೆ."

"ಕೆಲಸ ಮುಗೀಲಮ್ಮ, ಆಮೇಲೆ ಕೇಳ್ತೀನಿ," ಎಂದು ಜರಡಿ ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸುತ್ತಿದ್ದಳು.

ಅಭಿಪ್ರಾಯಗಳೇನೋ ರಾಶಿ ರಾಶಿ ಬಂದವು. "ಸಿನಿಮಾ ಹಾಡು ಕೇಳೋಣ ಅಂತ ಕೂತರೆ ಪ್ರವಚನ ಕೇಳಿಸಿ ಎಬ್ಬಿಸಿದರು" ಎಂದು ಒಬ್ಬ. "ನಾನು ದೇವರನ್ನು ನಂಬುವವನಲ್ಲ, ನನ್ನ ಕಾಲು ನಂಬುತ್ತದೆ ಅಂತ ಎರಡನೇ ಹಾಡಿಗೆ ಗೊತ್ತಾಯಿತು" ಎಂದು ಇನ್ನೊಬ್ಬ. ಚಪ್ಪಾಳೆ ಕೇಳಿದರೆ ಮನೆತುಂಬ ಸೊಳ್ಳೆ ಹೊಡೆದ ಹಾಗಿದೆ ಎಂದು ಒಬ್ಬಾಕೆ ಬರೆದರೆ, ಚಪ್ಪಾಳೆ ಸಾಲದು ಎಂದು ಮತ್ತೊಬ್ಬಾಕೆಯ ತಕರಾರು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಆದರೆ ಒಂದು ವಿಷಯದಲ್ಲಿ ಬಹಳ ಜನರದು ಒಂದೇ ಮಾತು: ನಾಲ್ಕನೇ ಹಾಡು ಮುಗಿದ ಮೇಲೂ ಯಾವಳೋ ಒಬ್ಬಳು ಎಳೆಯುತ್ತಲೇ ಇರುತ್ತಾಳೆ, ಅವಳಿಗೆ ನಿಲ್ಲಿಸು ಅಂತ ಹೇಳುವವರಿರಲಿಲ್ಲವೇ?

ಜರಡಿ ಓದಿದಳು. ಯಾರ ಬಗೆಗಿನ ಮಾತೆಂದು ಅವಳಿಗೆ ಗೊತ್ತಾಗದೇ ಇರಲಿಲ್ಲ. ಒಂದೊಂದನ್ನೇ ದೂರಿನ ಪಾಲಿಗೆ ಸರಿಸಿದಳು. ನಡುವೆ ಒಬ್ಬರು, "ಇಡೀ ಆಲ್ಬಮ್ಮಿನಲ್ಲಿ ನಿಜವಾಗಿ ಹಾಡಿದವಳು ಅವಳೊಬ್ಬಳೇ" ಎಂದು ಬರೆದಿದ್ದರು. ಅದನ್ನು ಹೊಗಳಿಕೆಗೆ ಸರಿಸಿದಳು.

ಅಷ್ಟರಲ್ಲಿ ಮೇಲಧಿಕಾರಿ ಕುರ್ಚಿ ಎಳೆದುಕೊಂಡು ಬಂದು ಕೂತ. "ಜರಡಿ, ಜನ ಹೇಳಿದ ಹಾಗೆ ತಿದ್ದಿ ಹೊಸದಾಗಿ ಬಿಡೋಣ ಅಂತಿದ್ದಾರೆ. ಹಳೇದನ್ನ ಎಲ್ಲಾ ಕಡೆಯಿಂದ ತೆಗೀತಾರೆ. ಏನೇನು ತಿದ್ದಬೇಕು, ಬರೆದು ಕೊಟ್ಟುಬಿಡು."

ಆ ಒಂದು ದೂರನ್ನು ಕಸಕ್ಕೆ ಹಾಕಿದ್ದರೆ ಕೇಳುವವರು ಯಾರಿದ್ದರು? ಆ ಕಂಪನಿಯಲ್ಲಿ ಅವಳ ಕಸದ ಬುಟ್ಟಿಗೆ ಕೈ ಹಾಕಿದ ನರಪಿಳ್ಳೆಯಿಲ್ಲ. ಅದು ಅವಳಿಗೆ ಹೊಳೆಯಿತು ಕೂಡ. ಆದರೆ ಹೊಳೆದದ್ದು ಕೈವರೆಗೆ ಇಳಿಯಲಿಲ್ಲ. 'ನಾಲ್ಕನೇ ಹಾಡಿನ ಕೊನೆ: ಒಂದು ದನಿ ಉಳಿದುಕೊಳ್ಳುತ್ತದೆ, ಕತ್ತರಿಸಿದರೆ ಒಳ್ಳೆಯದು' ಎಂದು ಬರೆದಳು, ಎರಡು ಸಲ ಓದಿ ಕಳಿಸಿದಳು, ಬ್ಯಾಗು ಹೆಗಲಿಗೇರಿಸಿ ಮನೆಗೆ ಹೊರಟಳು. ಇವಳನ್ನು ಬೈಯೋಣವೆಂದರೂ ಬೈಗುಳ ಎಲ್ಲಿಗೆ ತಾಗಬೇಕೋ ಆ ಜಾಗವೇ ಸತ್ತುಹೋಗಿತ್ತು.

ಹೊಸದು ಬಂದ ದಿನ ರಜೆ. ಅವಳು ತಟ್ಟೆ ಮುಂದಿಟ್ಟುಕೊಂಡು ಕೂತಿದ್ದಳು. ಅಮ್ಮ ಫೋನು ಹಿಡಿದುಕೊಂಡು ಬಂದಳು.

"ಇದು ಕೆಟ್ಟುಹೋಗಿದೆ ನೋಡೇ. ಕೊನೇಲಿ ಅವಳು ಬರ್ತಾನೇ ಇಲ್ಲ. ನಿಮ್ಮ ಆಫೀಸಿಂದಲ್ವಾ ಬರೋದು, ಸರಿ ಮಾಡಿಸು."

"ಕೆಟ್ಟಿಲ್ಲಮ್ಮ. ಕತ್ತರಿಸಿದ್ದಾರೆ."

"ಯಾಕಂತೆ?"

"ಜನ ಹೇಳಿದ್ರು."

"ಯಾವ ಜನ? ಅವರಿಗೆ ಅವಳೇನು ಮಾಡಿದ್ಲು?"

"ಜನ ಹೇಳಿದ್ದನ್ನ ನಾನೇ ಬರೆದು ಕಳಿಸಿದೆ," ಎಂದಳು ಜರಡಿ. ದನಿ ನೆಟ್ಟಗಿತ್ತು.

ಅಮ್ಮ ಎದುರಿನ ಕುರ್ಚಿಯಲ್ಲಿ ಕೂತಳು. "ನಿಮ್ಮಕ್ಕ ಅಂತ ಗೊತ್ತಿತ್ತಾ?"

"ಗೊತ್ತಿತ್ತು."

ಅಮ್ಮ ಫೋನನ್ನು ಮೇಜಿನ ಮೇಲೆ ಬೋರಲಾಗಿ ಇಟ್ಟಳು. ಸೆರಗಿನಿಂದ ಅದರ ಬೆನ್ನು ಒರೆಸಿದಳು.

"ಅಷ್ಟೊಂದು ಕೆಟ್ಟದಾಗಿತ್ತೇನೇ ಅವಳು ಎಳೆದದ್ದು? ನಿಂಗೇನನ್ನಿಸ್ತು, ಅದನ್ನ ಹೇಳು."

"ನಾನು ಕೇಳಲೇ ಇಲ್ಲಮ್ಮ."

ಅಮ್ಮ ಅವಳನ್ನೇ ನೋಡಿದಳು. ಆ ಮುಖದಲ್ಲಿ ಸಿಟ್ಟಿರಲಿಲ್ಲ, ಮರುಕವಿತ್ತು, ಅದು ಸಿಟ್ಟಿಗಿಂತ ಕಷ್ಟ. ಆಮೇಲೆ, ಹುಟ್ಟಿದಾಗಿನಿಂದ ಒಂದು ಸಾಲೂ ಹಾಡಿ ಗೊತ್ತಿಲ್ಲದ ಆ ಹೆಂಗಸು ಕಣ್ಣು ಮುಚ್ಚಿಕೊಂಡು ಬಾಯಿ ತೆರೆದಳು.

"ಹೀಗಿತ್ತು, ಕೇಳು," ಎಂದು ಎಳೆಯತೊಡಗಿದಳು.

ದನಿ ಒಡೆದಿತ್ತು, ಶ್ರುತಿ ಎಲ್ಲೋ, ಅಮ್ಮ ಎಲ್ಲೋ. ಆದರೂ ಎಳೆದಳು. ಕುತ್ತಿಗೆಯ ನರ ಉಬ್ಬಿತು. ಜರಡಿಯ ಬಾಯಲ್ಲಿದ್ದ ತುತ್ತು ಅಲ್ಲೇ ನಿಂತಿತು, ಒಳಗೂ ಹೋಗಲೊಲ್ಲದು, ಹೊರಗೂ ಬರಲೊಲ್ಲದು. ಸಾಕಮ್ಮ, ನಿಲ್ಲಿಸು, ಎನ್ನಬೇಕೆನಿಸಿತು ಅವಳಿಗೆ. ಎಷ್ಟೋ ದಿನಗಳ ಮೇಲೆ ಏನೋ ಒಂದು ಅನಿಸಿತ್ತು, ಮತ್ತು ಅದು ನೋಯುತ್ತಿತ್ತು. ಅವಳು ನಿಲ್ಲಿಸು ಎನ್ನಲಿಲ್ಲ.