ಕೆಳಗಿನಿಂದ ಮೇಲಕ್ಕೆ ಗಾಲ್ಫ್ ವೀರರು

ಜಗತ್ತಿನ ಅತಿಶ್ರೇಷ್ಠ ವೃತ್ತಿಪರ ಗಾಲ್ಫ್ ಆಟಗಾರರು ಯಾರು ಎಂಬುದನ್ನು ಒಮ್ಮೆ ನಾನು ತೀರ್ಮಾನಿಸಿದ್ದೆ. ಆ ಹೊತ್ತಿಗೆ ಗಾಲ್ಫ್ ಚೆಂಡನ್ನು ಕಣ್ಣಾರೆ ಕಂಡಿರಲಿಲ್ಲ. ಇದರಿಂದ ಕೆಲಸಕ್ಕೇನೂ ತೊಂದರೆಯಾಗಲಿಲ್ಲ. ಕಾಣದ್ದರ ಬಗ್ಗೆ ಪೆನ್ನು ಎಷ್ಟು ಸರಾಗವಾಗಿ ಓಡುತ್ತದೆ ಎಂಬುದು ಬರೆಯುವವರಿಗೆಲ್ಲ ಗೊತ್ತಿರುವ ಗುಟ್ಟು.

ಎಪ್ಪತ್ತರ ದಶಕ ಮುಗಿಯುತ್ತಿತ್ತು. ಪೀಣ್ಯದ ಒಂದು ಕಾರ್ಖಾನೆಯಲ್ಲಿ ನಾನು ಕನ್ನಡ ಟೈಪಿಸ್ಟ್, ಇನ್ನೂ ಕಾಯಂ ಆಗದವನು. ಮೆಮೊಗಳನ್ನು ಕನ್ನಡಕ್ಕೆ ತಂದು ಟೈಪು ಮಾಡುವುದು ನನ್ನ ಕೆಲಸ. ಅದರ ಜತೆಗೆ ಕಾರ್ಖಾನೆಯ ಮಾಸಪತ್ರಿಕೆಯೂ ನನ್ನ ತಲೆಗೆ ಬಿದ್ದಿತ್ತು. ಅದರಲ್ಲಿ ನಿವೃತ್ತರ ಫೋಟೊ, ಕೈಬೆರಳು ಉಳಿಸಿಕೊಳ್ಳುವ ಸೂಚನೆಗಳು ಮತ್ತು ಕೊನೆಯ ಪುಟದಲ್ಲಿ ನನ್ನದೊಂದು ನವ್ಯ ಕವನ ಇರುತ್ತಿದ್ದವು. ಆ ಕವನವನ್ನು ಪ್ರೂಫ್ ನೋಡುವವನೂ ಓದುತ್ತಿರಲಿಲ್ಲ. ಪ್ರೂಫ್ ನೋಡುವವನು ನಾನೇ.

ಹೊಸದಾಗಿ ಬಂದ ಜನರಲ್ ಮ್ಯಾನೇಜರಿಗೆ ಗಾಲ್ಫ್ ಹುಚ್ಚು. ಒಂದು ದಿನ ನನ್ನನ್ನು ಕರೆಸಿ ವಿದೇಶಿ ಪತ್ರಿಕೆಗಳ ಒಂದು ಕಟ್ಟನ್ನು ಕೈಗಿತ್ತರು. "ಗಾಲ್ಫ್‌ನಲ್ಲಿ ಗ್ರೇಟ್ ಅಂದ್ರೆ ಯಾರು ಅಂತ ನಮ್ಮ ವರ್ಕರ್ಸಿಗೂ ಗೊತ್ತಾಗ್ಲಿ ಕಣ್ರೀ. ಹತ್ತು ಜನರ ಪಟ್ಟಿ ಮಾಡಿ ಹಾಕಿ."

ಪಟ್ಟಿ ಮಾಡಿದೆ. ನಾಲ್ಕು ದಿನದ ಪಂದ್ಯದಲ್ಲಿ ಯಾರು ಎಷ್ಟು ಹೊಡೆತ ಹೊಡೆದರು ಎಂಬ ಅಂಕಿಗಳು ಆ ಪತ್ರಿಕೆಗಳಲ್ಲಿದ್ದವು. ಅತಿ ಹೆಚ್ಚು ಹೊಡೆದವನನ್ನು ಮೊದಲ ಸ್ಥಾನದಲ್ಲಿ ಕೂರಿಸಿದೆ. ಮುನ್ನೂರು ದಾಟಿದ ಆ ಮಹಾಶಯನನ್ನು 'ದಣಿವರಿಯದ ದುಡಿಮೆಗಾರ' ಎಂದು ಕೊಂಡಾಡಿದೆ. ಇನ್ನೂರ ಎಪ್ಪತ್ತು ಚಿಲ್ಲರೆಗೇ ಕೈಚೆಲ್ಲಿದ ಹತ್ತನೆಯವನಿಗೆ 'ಶ್ರಮಿಸಿದರೆ ಭವಿಷ್ಯವಿದೆ' ಎಂದು ಧೈರ್ಯ ಹೇಳಿದೆ.

ನಗಬೇಡಿ. ನಮ್ಮಲ್ಲಿ ಹೆಚ್ಚು ಮಾಡಿದವನೇ ದೊಡ್ಡವನು. ಪ್ರತಿ ತಿಂಗಳೂ ಕ್ಯಾಂಟೀನಿನ ಪಕ್ಕದ ನೋಟೀಸ್ ಬೋರ್ಡಿನ ಮೇಲೆ ಲೇತ್ ವಿಭಾಗದವರ ಉತ್ಪಾದನೆಯ ಪಟ್ಟಿ ಅಂಟುತ್ತಿತ್ತು. ಅದನ್ನೂ ನಾನೇ ಟೈಪು ಮಾಡುತ್ತಿದ್ದೆ. ಅಷ್ಟು ವರ್ಷ ಅದೇ ಪಟ್ಟಿ ಬಡಿದ ಬೆರಳು ಗಾಲ್ಫಿಗೆ ಬಂದ ಕೂಡಲೇ ಬೇರೆ ಥರ ಯೋಚಿಸುವುದಾದರೂ ಹೇಗೆ? ಕಾರ್ಖಾನೆಯಲ್ಲಿ ಒಬ್ಬರಿಗೂ ಅನುಮಾನ ಬರಲಿಲ್ಲ. ಕ್ಯಾಂಟೀನಿನಲ್ಲಿ ಕೇಳಿಬಂದ ಆಕ್ಷೇಪಣೆ ಒಂದೇ: "ನಾಲ್ಕು ದಿನಕ್ಕೆ ಬರೀ ಮುನ್ನೂರಾ? ನಮ್ಮ ಡ್ರಿಲ್ಲಿಂಗ್ ಗೋವಿಂದ ಒಂದು ಶಿಫ್ಟಲ್ಲಿ ಹೊಡೆದು ಬಿಸಾಕ್ತಾನೆ, ಗುರು!"

ಜನರಲ್ ಮ್ಯಾನೇಜರು ಮಾತ್ರ ಪತ್ರಿಕೆ ಹಿಡಿದು ಕುಸಿದು ಕೂತರು. "ಏನ್ರೀ ಇದು? ಅತಿ ಕಡಿಮೆ ಹೊಡೆದು ಚೆಂಡನ್ನ ಗುಣಿಗೆ ಹಾಕ್ತಾನಲ್ಲ, ಅವನು ಕಣ್ರೀ ಗ್ರೇಟು! ಒಂದೇ ಏಟಿಗೆ ಹಾಕಿದ್ರೆ ಅವನು ಸಾಯೋ ತನಕ ಅದನ್ನ ಹೇಳ್ಕೊಂಡು ತಿರುಗ್ತಾನೆ. ನೀವು ಇಡೀ ಗಾಲ್ಫನ್ನ ತಲೆಕೆಳಗು ಮಾಡಿದೀರಿ." ನನ್ನ ಕಾಯಂ ಆಗುವ ಕಾಗದ ಅವರ ಟ್ರೇಯಲ್ಲೇ ಇತ್ತು. ಮುಂದಿನ ಸಂಚಿಕೆಯಲ್ಲಿ ಚೌಕಟ್ಟು ಕಟ್ಟಿ ತಿದ್ದುಪಡಿ ಹಾಕಿದೆ: 'ಕಳೆದ ತಿಂಗಳ ಪಟ್ಟಿಯನ್ನು ಓದುಗರು ದಯವಿಟ್ಟು ಕೆಳಗಿನಿಂದ ಮೇಲಕ್ಕೆ ಓದಿಕೊಳ್ಳಬೇಕು.' ಕನ್ನಡ ಬಾರದ, ಪೀಣ್ಯ ಎಲ್ಲಿದೆಯೆಂದೇ ಅರಿಯದ ಹತ್ತು ಮಂದಿಗೆ ಹೀಗೆ ನ್ಯಾಯ ದೊರೆಯಿತು.

ಇಲ್ಲಿಗೆ ಮುಗಿದಿದ್ದರೆ ಇದು ಹತ್ತು ಜನರ ಮುಂದೆ ಹೇಳಬಹುದಾದ ಒಳ್ಳೆಯ ಪ್ರಸಂಗ. ಹೇಳಿದ್ದೇನೆ ಕೂಡ, ಪ್ರತಿ ಸಲವೂ ಇಲ್ಲಿಗೇ ನಿಲ್ಲಿಸಿ. ನಿಲ್ಲಿಸಿದ ಜಾಗದ ಆಚೆ ಮರಿಯಪ್ಪ ನಿಂತಿದ್ದಾನೆ.

ಮರಿಯಪ್ಪ ಪಕ್ಕದ ಹಳ್ಳಿಯವನು, ಲೇತ್ ಕೆಲಸಗಾರ. ನೋಟೀಸ್ ಬೋರ್ಡಿನ ಪಟ್ಟಿಯ ಕೊನೆಯ ಸಾಲು ಅವನ ಸ್ವಂತ ಸೊತ್ತು. ದಿನಕ್ಕೆ ಅರವತ್ತು ಬುಷ್, ಅಂದರೆ ಯಂತ್ರಕ್ಕೆ ಕೂರಿಸುವ ಲೋಹದ ಬಳೆಗಳು, ಆಗಬೇಕಾದಲ್ಲಿ ಅವನದು ನಲವತ್ತು ದಾಟುತ್ತಿರಲಿಲ್ಲ. ಅಳತೆ ತಪ್ಪಿದೆಯೆಂದು ಒಂದೂ ವಾಪಸು ಬರುತ್ತಿರಲಿಲ್ಲ ಎನ್ನುವುದು ಬೇರೆ ಮಾತು, ಅದಕ್ಕೆ ಪಟ್ಟಿಯಲ್ಲಿ ಕಾಲಂ ಇರಲಿಲ್ಲ. ಆಗಲೇ ಎರಡು ಮೆಮೊ ಸಿಕ್ಕಿದ್ದವು. ಮೂರನೆಯದು ಬಂದರೆ ಲೇತಿನಿಂದ ಎಬ್ಬಿಸಿ ಪ್ಯಾಕಿಂಗ್ ಶೆಡ್ಡಿಗೆ ಕಳಿಸುವುದು ವಾಡಿಕೆ. ಆ ಲೇತನ್ನು ಅವನು ಪ್ರತಿ ಸಂಜೆ ತನ್ನ ಹೆಗಲ ಟವಲಿನಿಂದಲೇ ಒರೆಸಿ ಹೋಗುತ್ತಿದ್ದ.

ಜನರಲ್ ಮ್ಯಾನೇಜರಿಗೆ ಆಫೀಸಿನ ಮುಂದಿನ ಹುಲ್ಲುಹಾಸಿನಲ್ಲಿ ಅಭ್ಯಾಸ ಮಾಡಲು ಒಂದು ಗುಣಿ ಬೇಕಾಯಿತು. ಗುಣಿಗೆ ಲೋಹದ ಬಟ್ಟಲು, ಬಾಯಿ ಕರಾರುವಾಕ್ಕಾಗಿ ನಾಲ್ಕೂಕಾಲು ಇಂಚು. ಸೂಪರ್‌ವೈಸರ್ ವಾಸುದೇವಯ್ಯ ಅದನ್ನು ಮರಿಯಪ್ಪನಿಗೆ ಒಪ್ಪಿಸಿದರು. ಅವನು ಇಡೀ ಶಿಫ್ಟು ಕೂತು ಒಂದು ಬಟ್ಟಲು ಕಡೆದ. ಅಂಚಿಗೆ ಬೆರಳಾಡಿಸಿದರೆ ರೇಷ್ಮೆ. ಸಾಹೇಬರು ಅದರಲ್ಲಿ ಚೆಂಡು ಬೀಳಿಸಿ, ಅದು ಬೀಳುವ ಸದ್ದಿಗೇ ಮೂರು ಸಲ ನಕ್ಕರಂತೆ.

ಸಂಜೆ ಜಾಬ್ ಕಾರ್ಡ್ ತುಂಬುವ ಹೊತ್ತು. ಆ ದಿನ ಏನು, ಎಷ್ಟು ಮಾಡಿದೆನೆಂದು ಅದರಲ್ಲಿ ಕೆಲಸಗಾರನೇ ಬರೆಯಬೇಕು. ನಾನು ಕಾರ್ಡುಗಳನ್ನು ಒಯ್ಯಲು ಹೋಗಿ ಅಲ್ಲೇ ನಿಂತಿದ್ದೆ.

"ಅರವತ್ತು ಬುಷ್ ಅಂತ ಬರ್ಕೊಳೋ," ಎಂದರು ವಾಸುದೇವಯ್ಯ. "ಸಾಹೇಬ್ರ ಆಟದ ಸಾಮಾನು ಮಾಡಿದ್ದು ರಿಕಾರ್ಡಲ್ಲಿ ಬರಬಾರದು."

"ಮಾಡಿರಾದು ಒಂದು ಸಾರ್. ಅರವತ್ತು ಅಂತ ಎಂಗ್ ಬರೀಲಿ?"

"ನಿನ್ನ ಒಳ್ಳೇದಕ್ಕೇ ಹೇಳ್ತಿರೋದು ಮಾರಾಯ!"

"ಒಳ್ಳೇದಕ್ಕೆ ಅಂತ ಬುಷ್ ಉಟ್ಟತವಾ ಸಾರ್?"

ಬರೆದ: ಒಂದು.

ಆಮೇಲೆ ಸಾಹೇಬರು ಕೊಟ್ಟಿದ್ದ ಆ ವಿದೇಶಿ ಪತ್ರಿಕೆಗಳನ್ನು ಓದಿದಾಗ ತಿಳಿಯಿತು, ಗಾಲ್ಫಿನಲ್ಲೂ ಹೀಗೆಯೇ. ಪೊದೆಯ ಹಿಂದೆ, ಯಾರೂ ನೋಡದ ಕಡೆ, ಹೊಡೆಯುವ ಮೊದಲೇ ತನ್ನಿಂದ ಚೆಂಡು ಅಲುಗಿಬಿಟ್ಟರೆ ದೊಡ್ಡ ಆಟಗಾರ ತಾನೇ ಕೈಯೆತ್ತಿ ತನ್ನ ಮೇಲೆ ಒಂದು ಹೊಡೆತ ಹೇರಿಕೊಳ್ಳುತ್ತಾನೆ. ಪಂದ್ಯವೇ ಕೈಬಿಟ್ಟುಹೋದರೂ ಸರಿ. ಅವನನ್ನು ಹೊಗಳಿ ಪುಟಗಟ್ಟಲೆ ಬರೆಯುತ್ತಾರೆ, ಬಣ್ಣದ ಫೋಟೊ ಹಾಕುತ್ತಾರೆ. ಮರಿಯಪ್ಪನಿಗೆ ಮೂರನೆಯ ಮೆಮೊ ಹಾಕಿದರು. 'ಸದರಿ ದಿನದಂದು ತಾವು ಅರವತ್ತಕ್ಕೆ ಬದಲಾಗಿ ಕೇವಲ ಒಂದು ನಗ ಉತ್ಪಾದಿಸಿರುವುದು ಕಂಡುಬಂದಿರುತ್ತದೆ.' ಈ ವಾಕ್ಯ ನನ್ನದು. 'ಕೇವಲ' ಎಂಬ ಪದವನ್ನು ವಾಕ್ಯದ ಲಯಕ್ಕಾಗಿ ಸೇರಿಸಿದ್ದೆ.

ಸಾಹೇಬರು ಅದಕ್ಕೆ ಓದದೆ ಸಹಿ ಹಾಕಿದರು. ಹಾಗೆಂದು ನೆನಪು. ಮತ್ತೊಂದು ನೆನಪಿನಲ್ಲಿ ಅವರು ಓದುತ್ತಾರೆ, 'ಒಂದು' ಎಂಬಲ್ಲಿ ನಿಲ್ಲುತ್ತಾರೆ, ನಕ್ಕು ಮೆಮೊ ಹರಿಯುತ್ತಾರೆ. ಈ ಎರಡನೆಯದು ಎಷ್ಟು ಚೆನ್ನಾಗಿದೆಯೆಂದರೆ ಅದು ನಡೆದಿರಲಾರದು. ನಾನು ಎದುರಿಗೇ ನಿಂತಿದ್ದೆ. "ಸಾರ್, ಆ ಒಂದು ನಿಮ್ಮ ಗುಣಿ" ಎನ್ನಲು ಎಷ್ಟು ಹೊತ್ತು ಬೇಕು? ಟ್ರೇಯಲ್ಲಿ ಮುಂದಿನ ಕಾಗದ ನನ್ನದಾಗಿತ್ತು. ಅದಕ್ಕೂ ಸಹಿ ಬಿತ್ತು.

ಪ್ಯಾಕಿಂಗ್ ಶೆಡ್ಡಿಗೆ ಹೋಗುವ ಮುನ್ನ ಮರಿಯಪ್ಪ ನನ್ನ ಮೇಜಿನ ಹತ್ತಿರ ಬಂದ. ಬೈಯುತ್ತಾನೆ ಎಂದುಕೊಂಡೆ. "ಆ ಗಾಲ್ಫ್‌ನೋರಿಗೆ ಒಂದು ತಿದ್ದುಪಡಿ ಆಕಿದ್ರಲ್ಲ ಸಾರ್," ಎಂದ. "ಬೋ ಚೆನ್ನಾಗಿತ್ತು." ಅಷ್ಟೇ ಹೇಳಿ ಟವಲು ಕೊಡವಿಕೊಂಡು ಹೋದ.

ಆ ತಿಂಗಳ ಪಟ್ಟಿ ಎಂದಿನಂತೆ ಬೋರ್ಡಿಗೇರಿತು. ಮರಿಯಪ್ಪನ ಹೆಸರು ಕೊನೆಯ ಬಾರಿಗೆ ಕೊನೆಯಲ್ಲಿತ್ತು. ಮಾರನೆಯ ಬೆಳಿಗ್ಗೆ ನೋಡಿದರೆ, ಅದರ ಕೆಳಗೆ ಯಾರೋ ನಮ್ಮ ಪತ್ರಿಕೆಯ ಚೌಕಟ್ಟಿನ ತುಣುಕನ್ನು ಕತ್ತರಿಸಿ ಗುಂಡುಪಿನ್ನು ಚುಚ್ಚಿದ್ದರು: 'ಪಟ್ಟಿಯನ್ನು ಓದುಗರು ದಯವಿಟ್ಟು ಕೆಳಗಿನಿಂದ ಮೇಲಕ್ಕೆ ಓದಿಕೊಳ್ಳಬೇಕು.'

ಅದನ್ನು ಚುಚ್ಚಿದವನು ನಾನೇ ಎಂದು ಹಲವರಿಗೆ ಹೇಳಿದ್ದೇನೆ. ಹೇಳಿ ಹೇಳಿ ಪಿನ್ನಿನ ತಣ್ಣನೆಯ ಮೊನೆ ಬೆರಳಿಗೆ ನೆನಪೂ ಆಗುತ್ತದೆ. ಆದರೆ ಇವತ್ತು ಜಾಬ್ ಕಾರ್ಡನ್ನು ನಾನೇ ತುಂಬಬೇಕಾಗಿರುವುದರಿಂದ ಬರೆಯುತ್ತೇನೆ: ಆ ತುಣುಕನ್ನು ನಾನು ಚುಚ್ಚಲಿಲ್ಲ. ಎರಡು ದಿನದ ಮೇಲೆ ಮೇಲಿನವರು ಹೇಳಿದರೆಂದು ಅದನ್ನು ಕಿತ್ತವನು ಮಾತ್ರ ನಾನು.